ವೈಷ್ಣವಿಯ ಬಿಳಿ ಹೆಲ್ಮೆಟ್

ನಾಸಿಕದ ಆ ಕಟ್ಟಡದ ಸೈಟಿನಲ್ಲಿ ಮಲಕವ್ವನನ್ನು ಬಾಯಿಬಡುಕಿ ಎನ್ನುವವರು ಬೇಕಾದಷ್ಟು ಜನ. ಅನ್ನಲಿ! ಆಳಂದದ ಕಡೆಯಿಂದ ಬಂದು ವರ್ಷಗಟ್ಟಲೆ ಇಟ್ಟಿಗೆ ಹೊತ್ತು, ಸೊಂಟ ಕೈಕೊಟ್ಟ ಮೇಲೆ ಕೂಲಿಯವರ ಮಕ್ಕಳಿಗೆ ಬಾಲವಾಡಿ ನಡೆಸುತ್ತಿರುವವಳು ಆಕೆ. ಮೆತ್ತಗಿದ್ದಿದ್ದರೆ ಆ ತಗಡಿನ ಕೋಣೆ ಎಂದೋ ಸಿಮೆಂಟಿನ ಗೋದಾಮಾಗಿರುತ್ತಿತ್ತು.

ಸೈಟಿನಲ್ಲಿ ಕೂಲಿಯವರಿಗೆ ಹಳದಿ ಹೆಲ್ಮೆಟ್, ಇಂಜಿನಿಯರುಗಳಿಗೆ ಬಿಳಿ. ಮಕ್ಕಳ ಆಟಕ್ಕೆಂದು ಕೊಟ್ಟಿದ್ದ ಹಳೆಯ ಹೆಲ್ಮೆಟ್ಟುಗಳೂ ಹಳದಿಯೇ. ಒಂದು ದಿನ ಗಾರೆ ಕೆಲಸದ ರಾಚಪ್ಪನ ಐದು ವರ್ಷದ ಮಗಳು ವೈಷ್ಣವಿ ತನ್ನದನ್ನು ಮೂಲೆಗೆ ಎಸೆದಳು.

"ಇದು ಬ್ಯಾಡ. ಮಲಾ ಪಾಂಢರಾ ಪಾಹಿಜೆ!" ಬಿಳಿಯದೇ ಬೇಕಂತೆ. ಯಾಕೆಂದು ಕೇಳಿದರೆ, "ನಾ ಇಂಜಿನಿಯರ್ ಆಗಾಕಿ."

ಮಲಕವ್ವನ ಕಣ್ಣು ಅರಳಿತು. ಪೇಂಟರನನ್ನು ಕಾಡಿ ಒಂದು ಡಬ್ಬಿ ಬಿಳಿ ಬಣ್ಣ ತಂದು ತಾನೇ ಬಳಿದಳು. ಅಂದಿನಿಂದ ವೈಷ್ಣವಿಯ ದರ್ಬಾರು ಶುರುವಾಯಿತು. ಉಳಿದ ಮಕ್ಕಳು ಆಟಕ್ಕೆ ಕಟ್ಟಿದ ಮರದ ತುಂಡುಗಳ ಗೋಡೆ ವಾಲಿದರೆ ಸಾಕು, ಕೆಡವಿಸಿ ಮತ್ತೆ ಕಟ್ಟಿಸುತ್ತಿದ್ದಳು.

ಸೂಪರ್‌ವೈಸರ್ ಗುರುಪ್ರಸಾದ ಬೀದರಿನವನು, ನಮ್ಮವನೇ. ಅವನ ಕಣ್ಣನ್ನೇ ಇದು ಕುಕ್ಕಿತು.

"ಕೂಲಿ ಮಕ್ಕಳ ತಲಿಗಿ ಬಿಳಿ ಹೆಲ್ಮೆಟ್ ಯಾಕ ಬೇಕು? ನಾಳಿ ಮಾಲೀಕರು ಬರೂದ್ರಾಗ ತಗಸ್ರಿ. ಇಲ್ಲಾಂದ್ರ ಕೋಣಿ ಖಾಲಿ ಮಾಡ್ರಿ."

"ತಗಸೂದಿಲ್ಲ, ಹೋಗ್ರಿ," ಎಂದಳು ಮಲಕವ್ವ.

ಸುದ್ದಿ ಕೇಳಿ ರಾಚಪ್ಪ ಓಡಿಬಂದ. "ಅಕ್ಕಾ, ತಗದುಬಿಡ್ರಿ. ಕೂಸಿನ ಹಟಕ್ಕ ನನ್ನ ಕೆಲಸಾ ಹೋಗ್ತದ್ರಿ."

"ನನ್ನ ಕೈಲೆ ಆಗೂದಿಲ್ಲಪ್ಪ. ನಿನ್ನ ಮಗಳು, ನೀನೇ ತಗಿ."

ರಾಚಪ್ಪ ಮಗಳ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಕೈ ಚಾಚಿದ. ಅಪ್ಪ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾನೆಂದುಕೊಂಡ ಹುಡುಗಿ ಗದ್ದ ಮೇಲೆತ್ತಿ ನಿಂತಳು. ತೆಗೆಯಲು ಬಂದವನು ಪಟ್ಟಿ ಬಿಗಿದು ಎದ್ದ. ಬಣ್ಣದ ಡಬ್ಬಿ ಎಲ್ಲಿದೆ ಎಂದು ಮಲಕವ್ವನನ್ನು ಕೇಳಿದ.

ಬೆಳಿಗ್ಗೆ ಗುರುಪ್ರಸಾದ ಬಂದು ನೋಡಿದರೆ ಅಷ್ಟೂ ಮಕ್ಕಳ ತಲೆಯ ಮೇಲೆ ಬಿಳಿ ಹೆಲ್ಮೆಟ್. ಮಲಕವ್ವ ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾರು ಮಾಡಿದ್ದು ಇದು?"

ಆಕೆ ಬಾಯಿ ತೆರೆಯುವ ಮೊದಲೇ ರಾಚಪ್ಪ ಮುಂದೆ ಬಂದ. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ. ಸಾಹೇಬರ ಎದುರು ಯಾವತ್ತೂ ತಲೆ ಎತ್ತದವನು ತನ್ನ ಹಳದಿ ಹೆಲ್ಮೆಟ್ ಕಳಚಿ ಗುರುಪ್ರಸಾದನ ಕೈಗಿಟ್ಟ.

"ಬೇಕಂದ್ರ ಇದನ್ನ ತಗೋರಿ, ಸಾಹೇಬ್ರ. ಮಕ್ಕಳದನ್ನ ಮುಟ್ಟಬ್ಯಾಡ್ರಿ."