ತಿನ್ನು ಮಾರಾಯ

ನಾನು ಚಿಕ್ಕವನಿದ್ದಾಗ ವಡೋದರಾದಲ್ಲಿ ನಮ್ಮ ಅಪ್ಪನದೊಂದು ಪುಟ್ಟ ಇಡ್ಲಿ-ದೋಸೆಯ ಹೋಟೆಲು ಇತ್ತು. ಒಂದು ಚಳಿಗಾಲದ ಬೆಳಿಗ್ಗೆ ಅಪ್ಪ ಒಲೆಯ ಬೂದಿ ತೆಗೆಯಲು ಹೋದರೆ ಬೂದಿಯೇ ಕುಂಯ್ ಎಂದಿತಂತೆ. ಬೆಚ್ಚಗಿರಲೆಂದು ಒಳಗೆ ನುಗ್ಗಿದ್ದ ಬೀದಿನಾಯಿಯ ಮರಿ ಅದು. ಮುಂಗಾಲು ಸುಟ್ಟಿತ್ತು. ಅಪ್ಪ ತೆಂಗಿನೆಣ್ಣೆ ಹಚ್ಚಿ ಮನೆಗೆ ಎತ್ತಿಕೊಂಡು ಬಂದರು. ನಾವು ಅದಕ್ಕೆ ಬೂದ ಎಂದು ಹೆಸರಿಟ್ಟೆವು.

"ಹೋಟೆಲಿನವರ ಮನೇಲಿ ನಾಯಿಯಾ? ಗಿರಾಕಿಗಳು ಓಡ್ತಾರೆ ಅಷ್ಟೆ!" ಎಂದು ಅಮ್ಮ ರೇಗಿದರು. ಅದಕ್ಕೆ ಅಪ್ಪ ಒಂದು ಕಟ್ಟುನಿಟ್ಟು ಮಾಡಿದರು. ಹೇಳುವ ತನಕ ಬೂದ ಯಾವ ತಿಂಡಿಗೂ ಬಾಯಿ ಹಾಕಬಾರದು. ಅಕ್ಕ ಇಡ್ಲಿ ಚೂರು ಮುಂದಿಟ್ಟು ದಿನವೂ ಪಾಠ ಮಾಡಿದಳು. ಬೂದ ಜೊಲ್ಲು ಸುರಿಸುತ್ತ ನಮ್ಮ ಬಾಯನ್ನೇ ನೋಡುತ್ತ ಕೂರುತ್ತಿದ್ದ. "ತಿನ್ನು ಮಾರಾಯ" ಎಂದರೆ ಮಾತ್ರ ಗಬಕ್ಕನೆ ನುಂಗುತ್ತಿದ್ದ. ಗಿರಾಕಿಗಳು ತುಪ್ಪದ ದೋಸೆಯ ತುದಿ ಎಸೆದರೂ ಮೂಸುತ್ತಿರಲಿಲ್ಲ. "ನನ್ನ ಮಕ್ಕಳಿಗಿಂತ ಇವನೇ ವಾಸಿ" ಎಂದು ಅಪ್ಪ ಬೀಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ. ರಾತ್ರಿ ಅವನು ಮಲಗುತ್ತಿದ್ದುದು ನನ್ನ ಕಾಲ ಬುಡದಲ್ಲೇ.

ಆ ವರ್ಷ ಬೇಸಿಗೆಯಲ್ಲಿ ಚಿಕ್ಕಪ್ಪನ ಮದುವೆಗೆಂದು ಹೋಟೆಲು ಮುಚ್ಚಿ ಊರಿಗೆ ಹೊರಟೆವು. ಬೂದನನ್ನು ಪಕ್ಕದ ಮನೆಯ ಗುಜರಾತಿ ಅಜ್ಜಿಯ ಬಳಿ ಬಿಟ್ಟೆವು. ಕಟ್ಟಬೇಡಿ, ಸೆಕೆಗೆ ಒದ್ದೆ ಗೋಣಿ ಹಾಸಿ ಎಂದು ಅಪ್ಪ ಎಲ್ಲವನ್ನೂ ಹೇಳಿದರು. ಒಂದನ್ನು ಮಾತ್ರ ಹೇಳಲಿಲ್ಲ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರಿಗೂ ಹೇಳುವ ಮಾತು ಅದು, ಅದನ್ನೂ ಹೇಳಿಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮದುವೆ ಮುಗಿಸಿ ಮೂರು ವಾರದ ಮೇಲೆ ವಾಪಸು ಬಂದ ದಿನ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗಲ್ಲಿಯ ತುಂಬ ಕಾದ ಧೂಳಿನ ವಾಸನೆ, ಬೇವಿನ ಹೂವಿನ ವಾಸನೆ. ಬೂದ ಓಡಿ ಬರಲಿಲ್ಲ. ಅಜ್ಜಿ ಬಾಗಿಲಲ್ಲೇ ಅಳುತ್ತ ನಿಂತಿದ್ದರು. "ಖಾತೋ ಜ ನಥೀ, ಬೇಟಾ!" ತಿನ್ನುವುದೇ ಇಲ್ಲವಂತೆ. ನೀರು ಕುಡಿದದ್ದು, ನೆಲಕ್ಕೆ ಬಿದ್ದ ಚೂರನ್ನು ಆಗೊಮ್ಮೆ ಈಗೊಮ್ಮೆ ನೆಕ್ಕಿದ್ದು, ಅಷ್ಟೇ. ದನದ ಡಾಕ್ಟರು ನೋಡಿ, ರೋಗ ಏನೂ ಕಾಣುವುದಿಲ್ಲ ಎಂದು ಹೋಗಿದ್ದರು.

ಜಗಲಿಯ ಮೂಲೆಯಲ್ಲಿ ಬೂದ ಬಿದ್ದಿದ್ದ. ಮೈಯೆಲ್ಲ ಎಲುಬು. ಎದುರಿಗೆ ರೊಟ್ಟಿ, ಖಿಚಡಿ, ಅಜ್ಜಿ ಅವನಿಗೆಂದೇ ತುಪ್ಪ ಬೆಲ್ಲ ಹಾಕಿ ಮಾಡಿದ್ದ ಶೀರಾ. ಶೀರಾದ ಸುತ್ತ ಇರುವೆ. ಅಪ್ಪ ಹೆಗಲ ಮೇಲಿನ ಚೀಲ ಇಳಿಸದೆ ಹಾಗೇ ಕುಸಿದು ಕೂತರು. ಅವರಿಗೆ ಅರ್ಥವಾಗಿತ್ತು. ಇರುವೆ ಕೊಡವಿ ಶೀರಾವನ್ನು ಬೂದನ ಮೂತಿಯ ಹತ್ತಿರ ಸರಿಸಿದರು. "ತಿನ್ನು... ತಿನ್ನು ಮಾರಾಯ."

ಬೂದನ ಕಿವಿ ಎದ್ದಿತು. ಕತ್ತು ಚಾಚಿ ಶೀರಾ ನೆಕ್ಕಿದ. ಬಾಲ ನೆಲಕ್ಕೆ ಟಪ್ ಎಂದಿತು. ಅಕ್ಕ ಚಪ್ಪಾಳೆ ತಟ್ಟಿದಳು, ನಾನು ಕುಣಿದೆ, ಬದುಕಿದ ಎಂದೇ ತಿಳಿದೆವು. ಬೂದ ಮತ್ತೊಮ್ಮೆ ನೆಕ್ಕಿ, ಅಪ್ಪನ ಮುಖ ನೋಡಿ, ಅವರ ಪಾದದ ಮೇಲೆ ತಲೆ ಇಟ್ಟ. ಸಂಜೆ ದೀಪ ಹಚ್ಚುವ ಹೊತ್ತಿಗೆ ಉಸಿರು ನಿಂತಿತ್ತು. ನಾವಿಲ್ಲದ ಸಂಕಟವೋ, ಆ ಒಂದು ಮಾತಿಲ್ಲದ ಹಸಿವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೋಟೆಲಿನ ಹಿಂದೆ ಬೇವಿನ ಮರದ ಕೆಳಗೆ ಮಣ್ಣು ಮಾಡಿದೆವು. ಆಮೇಲೆ ಅಪ್ಪ ನಮಗೂ ಆ ಮಾತು ಹೇಳಲಿಲ್ಲ. ತಟ್ಟೆಯನ್ನು ನಮ್ಮತ್ತ ಸರಿಸಿ ಎದ್ದುಹೋಗುತ್ತಿದ್ದರು.

ಈಗ ಸೂರತ್‌ನ ಅಡಾಜಣ್‌ನಲ್ಲಿ, ಈ ಲಿಫ್ಟಿನ ಮನೆಯಲ್ಲಿ, ಮೊಮ್ಮಕ್ಕಳಾದ ನೀವೂ ಬೀದಿಯಿಂದ ಚೀಕು ಎಂಬ ನಾಯಿಮರಿಯನ್ನು ತಂದು ಸಾಕಿದ್ದೀರಿ. ಅವನ ಜೊತೆ ಗುಜರಾತಿ, ಹಿಂದಿ, ಇಂಗ್ಲಿಷ್ ಎಲ್ಲ ಆಡುತ್ತೀರಿ. ಊರಿಗೆ ಹೋದರೆ ವೀಡಿಯೊ ಕಾಲ್ ಮಾಡಿ ಮುದ್ದಿಸುತ್ತೀರಿ. ನಮಗೆ ಅದೆಲ್ಲಿತ್ತು? ಮೊನ್ನೆ ಹೇಳುವ ತನಕ ತಿಂಡಿ ಮುಟ್ಟದೆ ಕಾಯುವ ನಾಯಿಯನ್ನು ಮೊಬೈಲಿನಲ್ಲಿ ನೋಡಿ, "ಅಜ್ಜಾ, ಚೀಕೂಗೂ ಮ್ಯಾನರ್ಸ್ ಶೀಖವಾಡೋ ನೇ!" ಕಲಿಸಿಕೊಡು ಎಂದು ದುಂಬಾಲು ಬಿದ್ದಿರಿ. ನಾನು ಒಲ್ಲೆ ಎಂದೆ. ಅಜ್ಜನದು ಮೊಂಡುತನ ಎಂದು ಮುಖ ಊದಿಸಿಕೊಂಡಿರಿ.

ಚೀಕುವಿಗೆ ಮ್ಯಾನರ್ಸ್ ಬೇಡ, ಮಕ್ಕಳೇ. ನಿನ್ನೆ ಅವನು ನನ್ನ ತಟ್ಟೆಯ ದೋಸೆಯನ್ನೇ ಎಳೆದುಕೊಂಡು ಓಡಿದ. ನೀವೆಲ್ಲ ಬೈದಿರಿ. ನನಗೆ ಮಾತ್ರ ಹೊಟ್ಟೆ ತುಂಬಿತು.