ಟಾರ್ಪ್ಲಿಯ ಹೊಸ ಹಲ್ಲು, ಹಳೆಯ ಬಡಾಯಿ

ಮಿಸಿಸಿಪ್ಪಿ ನದಿಯ ಏರಿಗೆ ಒತ್ತಿಕೊಂಡಿರುವ ಪರ್ವಿಸ್ ಲ್ಯಾಂಡಿಂಗ್ ಎಂಬ ಊರಿನಲ್ಲಿ ಲೂಷಸ್ ಟಾರ್ಪ್ಲಿಯನ್ನು ಅರಿಯದವರಿಲ್ಲ. ಹತ್ತಿ ಗಿರಣಿಯ ಲಾರಿಯನ್ನು ಆಯುಷ್ಯವಿಡೀ ಓಡಿಸಿ ಒಂದು ದಿನವೂ ಹೊತ್ತಿಗೆ ಸರಿಯಾಗಿ ತಲುಪಿಸದ ಚಾಲಕ ಎಂದು ಕೆಲವರಿಗೆ ಅವನ ನೆನಪು. ಉಳಿದವರಿಗೆಲ್ಲ ಅವನು ಶಿಕಾಗೊ ಲೂಷಸ್. ಹರೆಯದಲ್ಲಿ ಎರಡು ಚಳಿಗಾಲ ಶಿಕಾಗೊದಲ್ಲಿ ಇದ್ದು ಬಂದಿದ್ದ, ಅಷ್ಟು ನಿಜ. ಅಲ್ಲೊಂದು ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆ ಒಗೆದು ಮಡಿಸುತ್ತಿದ್ದ. ಆದರೆ ವಾಪಸು ಬಂದು ಕ್ಲಿಯೋಥಾನ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತ ಮೇಲೆ ಆ ನೆಲಮಾಳಿಗೆ ನಿಧಾನವಾಗಿ ಮೇಲಕ್ಕೆದ್ದು ರಂಗಸ್ಥಳವಾಯಿತು, ಒಗೆಯುವ ಯಂತ್ರಗಳು ಕೈ ತಟ್ಟುವ ಜನರಾದವು, ಲೂಷಸನ ಕೈಗೊಂದು ಮೌತ್ ಆರ್ಗನ್, ಆ ಸೀಮೆಯವರ ಮಾತಿನಲ್ಲಿ ಹಾರ್ಪ್, ಬಂತು.

ಬರಿಯ ಮೌತ್ ಆರ್ಗನ್ನಿಗೆ ಯಾರು ಕಿವಿಗೊಡುತ್ತಾರೆ? ಅದಕ್ಕಾಗಿ ಅವನು ಹೋಸಿಯಾ ಪಿಕೆನ್ಸನನ್ನು ಎಳೆದು ತಂದ. ಹೋಸಿಯಾ ಇದೇ ಊರಿನವನು. ಅವನ ಹಾಗೆ ಮೌತ್ ಆರ್ಗನ್ನಿನಲ್ಲಿ ಬ್ಲೂಸ್, ಅಂದರೆ ಹತ್ತಿಹೊಲದ ಕರಿಯರ ಅಳಲಿನ ಸಂಗೀತ, ನುಡಿಸಿದವರು ಈ ಸೀಮೆಯಲ್ಲಿ ಹಿಂದೆ ಇರಲಿಲ್ಲ, ಆಮೇಲೆ ಬರಲೂ ಇಲ್ಲ. ಒಂದೇ ಒಂದು ರೆಕಾರ್ಡು ಬಿಟ್ಟು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಸತ್ತವರೊಡನೆ ಸ್ನೇಹ ಬೆಳೆಸುವುದರಲ್ಲಿ ಒಂದು ಸೌಕರ್ಯವಿದೆ, ಅವರು ಎದ್ದು ಬಂದು ಇಲ್ಲ ಅನ್ನುವುದಿಲ್ಲ. ವರ್ಷ ಕಳೆದಂತೆ ಹೋಸಿಯಾ ಶಿಕಾಗೊದಲ್ಲಿ ಲೂಷಸನ ಗುರುವಾದ, ಜೊತೆಗಾರನಾದ, ಕೊನೆಕೊನೆಗೆ ಲೂಷಸನಿಂದಲೇ ನಾಲ್ಕು ಪಟ್ಟುಗಳನ್ನು ಕಲಿತವನೂ ಆದ.

ಹಾಗಾದರೆ ಈಗ್ಯಾಕೆ ನುಡಿಸುವುದಿಲ್ಲ ಎಂದು ಯಾರಾದರೂ ಕೇಳಿದರೆ ಲೂಷಸ್ ದೊಡ್ಡದಾಗಿ ಬಾಯಿ ತೆರೆದು ತೋರಿಸುತ್ತಿದ್ದ. ಮೇಲಿನ ಸಾಲು ಪೂರ್ತಿ ಬೋಳು. ಶಿಕಾಗೊದ ಒಂದು ಹೊಡೆದಾಟದಲ್ಲಿ ಹಲ್ಲು ಹೋದವು, ಹಲ್ಲಿಲ್ಲದವನು ಬ್ಲೂಸ್ ನುಡಿಸುವುದು ಸಾಧ್ಯವೇ ಇಲ್ಲ ಎನ್ನುತ್ತಿದ್ದ. ಹಲ್ಲು ಹೋದದ್ದು ಹೆಂಡತಿ ಅರ್ನೆಸ್ಟೀನ್ ಮಾಡುತ್ತಿದ್ದ ಪೀಕನ್ ಬೀಜದ ಮಿಠಾಯಿಯಿಂದ. ಅವಳಿಗದು ಗೊತ್ತಿತ್ತು. ಚರ್ಚಿನಲ್ಲಿ ತನ್ನ ಮಿಠಾಯಿಗಿದ್ದ ಹೆಸರು ಕೆಟ್ಟೀತೆಂದು ಅವಳೂ ಹೊಡೆದಾಟದ ಕತೆಗೆ ತಲೆಯಾಡಿಸಿಕೊಂಡಿದ್ದಳು.

ಹೀಗೆ ಸುಖವಾಗಿ ಸಾಗಿದ್ದ ಸುಳ್ಳಿಗೆ ಕಲ್ಲು ಬಿದ್ದದ್ದು ಆ ವರ್ಷದ ವಸಂತದಲ್ಲಿ. ಹೊರಗಿನಿಂದ ವ್ಯಾನಿನಲ್ಲಿ ಬಂದ ದಂತವೈದ್ಯರು ಚರ್ಚಿನ ಅಂಗಳದಲ್ಲಿ ಬಿಡಾರ ಹೂಡಿ ಊರಿನ ಮುದುಕರಿಗೆಲ್ಲ ಹಲ್ಲು ಕಟ್ಟಿಸಿಕೊಟ್ಟರು. ಲೂಷಸನೂ ಸಾಲಿನಲ್ಲಿ ನಿಂತು ಒಂದು ಸೆಟ್ಟು ಹಾಕಿಸಿಕೊಂಡ. ಹಾಲಿಗಿಂತ ಬಿಳುಪು, ಬಾಯಿಗಿಂತ ಒಂದಿಷ್ಟು ದೊಡ್ಡದು. ಅಂದಿನಿಂದ ಅವನ ತುಟಿ ಮುಚ್ಚಿದ್ದನ್ನು ಕಂಡವರಿಲ್ಲ. ಸಾವಿನ ಮನೆಗೆ ಹೋದರೂ ಹಲ್ಲು ಬಿಟ್ಟುಕೊಂಡೇ ಕೂರುತ್ತಿದ್ದ. ಹಲ್ಲು ಕೊಟ್ಟು ತನ್ನ ನೆಪವನ್ನು ಆ ವ್ಯಾನಿನವರು ಕಿತ್ತುಕೊಂಡು ಹೋದರೆಂಬುದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ.

ಕ್ಲಿಯೋಥಾನಿಗೆ ಹೊಳೆಯಿತು. ಊರಿನವರು ಹೋಸಿಯಾ ಪಿಕೆನ್ಸನ ಹೆಸರಿನಲ್ಲಿ ಹಳೆಯ ಗಿರಣಿಯ ಪಕ್ಕ ಒಂದು ನೆನಪಿನ ಕಲ್ಲು ನಿಲ್ಲಿಸಬೇಕೆಂದಿದ್ದರು. ಗುಲಾಮಗಿರಿ ತಪ್ಪಿದ ನೆನಪಿಗೆ ಜೂನ್ ತಿಂಗಳಲ್ಲಿ ಮಾಡುವ ಹಬ್ಬದ ದಿನವೇ ಅದನ್ನು ಅನಾವರಣ ಮಾಡುವುದೆಂದು ಗೊತ್ತುಮಾಡಿದ್ದರು. ಒಂದು ಬೆಳಿಗ್ಗೆ ಅಂಗಡಿ ತುಂಬ ಜನ ಕೂತಿದ್ದಾಗ ಕ್ಲಿಯೋಥಾ ಲೂಷಸನ ಗಲ್ಲಕ್ಕೆ ನೊರೆ ಬಳಿದು, ಕತ್ತಿಯನ್ನು ಚರ್ಮದ ಪಟ್ಟಿಗೆ ತೀಡುತ್ತ, ಮಾತು ತೆಗೆದ.

"ಹೋಸಿಯಾನ ಕಲ್ಲಿನ ಮುಂದೆ ಹಾರ್ಪ್ ನುಡ್ಸೋಕೆ ಒಬ್ಬ ಬೇಕಂತೆ. ನಿನ್ ಹೆಸರು ಕೊಟ್ಟಿದೀನಿ, ಲೂಶ್."

ನೊರೆಯೊಳಗಿನಿಂದ ಏನೋ ಗೊರಗೊರ ಸದ್ದು ಬಂತು.

"ಯಾಕೋ? ಹಲ್ಲಿಲ್ಲ ಅಂತಿದ್ದೆ. ಈಗ ಒಂದ್ ಕುದುರೆಗೆ ಆಗೋವಷ್ಟು ಇದೆ."

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕತ್ತಿ ಕುತ್ತಿಗೆಯ ಮೇಲಿರುವಾಗ ಯಾವ ಗಂಡಸೂ ಹೆಚ್ಚು ವಾದ ಮಾಡುವುದಿಲ್ಲ. ಲೂಷಸ್ ಒಪ್ಪಿಕೊಂಡ. ಅವನಿಗೆ ಈ ಜಗತ್ತಿನಲ್ಲಿ ಇದ್ದ ಆಸ್ತಿಯೆಂದರೆ ಆ ಬೆಂಚಿನ ಮೇಲಿನ ಜಾಗ. ಅದು ಹೋದರೆ ಉಳಿಯುವವನು ಹೊತ್ತಿಗೆ ಸರಿಯಾಗಿ ಬಾರದ ಲಾರಿಯವನು ಮಾತ್ರ. ಮುದುಕನಿಗೆ ನಿಜವಾಗಿಯೂ ಭಯವಾಯಿತು.

ಊರವರ ಕಣ್ಣಿಗೆ ಬೀಳಬಾರದೆಂದು ಅವನು ಮೂರೂರು ದಾಟಿ ಹೋಗಿ ಮೌತ್ ಆರ್ಗನ್ ಕೊಂಡು ತಂದ. ತನ್ನ ಹಳೆಯ ಪಿಕಪ್ ಗಾಡಿಯನ್ನು ನದಿಯ ಏರಿಯ ಮರೆಯಲ್ಲಿ ನಿಲ್ಲಿಸಿ, ಗಾಜು ಏರಿಸಿ, ಆ ಧಗೆಯಲ್ಲಿ ಬೆವರಿಳಿಸುತ್ತ ಅಭ್ಯಾಸಕ್ಕೆ ಕೂತ. ಗುರುವನ್ನು ಫೋನಿನ ಹಳೆಯ ವಿಡಿಯೋಗಳಲ್ಲಿ ಹುಡುಕಿಕೊಂಡ. ಗುರುವಿನ ಹೆಸರು ಯೊರ್ಮ, ಊರು ಫಿನ್ಲೆಂಡು, ಕೂದಲು ಮೆಕ್ಕೆಜೋಳದ ಜುಟ್ಟಿನ ಬಣ್ಣದ್ದು, ಹಿಂದುಗಡೆ ಕಿಟಕಿಯಲ್ಲಿ ಹಿಮ ಸುರಿಯುತ್ತಿತ್ತು. ಬ್ಲೂಸ್ ಬರಬೇಕಾದರೆ ಸುಡುಬಿಸಿಲಿನಲ್ಲಿ ಹತ್ತಿ ಬಿಡಿಸುವ ಮುದುಕನೊಬ್ಬನನ್ನು ಕಲ್ಪಿಸಿಕೊಳ್ಳಿ ಎಂದು ಆ ಯೊರ್ಮ ಕಣ್ಣು ಮುಚ್ಚಿ ಹೇಳಿಕೊಡುತ್ತಿದ್ದ. ಲೂಷಸನಿಗೆ ಕಲ್ಪಿಸಿಕೊಳ್ಳುವ ಕಷ್ಟವೇನಿರಲಿಲ್ಲ. ಹತ್ತಿ ಬಿಡಿಸಿ ಬಿಡಿಸಿ ಬೆನ್ನು ನೆಟ್ಟಗಾಗದ ಅಜ್ಜನ ಪಕ್ಕದಲ್ಲೇ ಮಲಗಿ ಬೆಳೆದವನು. ಅಜ್ಜನ ಜಗಲಿಯಲ್ಲಿ ಬಿದ್ದಿದ್ದ ವಿದ್ಯೆಯನ್ನು ಈಗ ಹಿಮದ ಸೀಮೆಯವನಿಂದ ಎರವಲು ತರಬೇಕಾಗಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ವಿದ್ಯೆಯೋ ಸುಲಭವಾಗಿ ಒಲಿಯುವಂಥದ್ದಲ್ಲ. ಒಂದು ತೂತಿಗೆ ಊದಿದರೆ ಪಕ್ಕದ ಎರಡು ತೂತುಗಳೂ ಕರೆಯದೆ ಬರುವ ನೆಂಟರ ಹಾಗೆ ಓಗೊಡುತ್ತಿದ್ದವು. ತುಟಿ ಒಡೆಯಿತು. ತಗಡಿನ ಸಂದಿಗೆ ಮೀಸೆಯ ಕೂದಲು ಸಿಕ್ಕಿ ಕಣ್ಣಲ್ಲಿ ನೀರು ಬಂತು. ಊದಿ ಊದಿ ತಲೆ ಸುತ್ತಿ ಹಾರನ್ನಿನ ಮೇಲೆ ಬಿದ್ದ ಸದ್ದಿಗೆ ಏರಿಯ ಮೇಲೆ ಮೇಯುತ್ತಿದ್ದ ಹಸುಗಳು ದಿಕ್ಕಾಪಾಲಾದವು. ಆದರೂ ಬಿಡದೆ ಹಿಡಿದು, ಕೊನೆಗೊಂದು ದಿನ ಒಂದು ತೂತಿನಿಂದ ಒಂದೇ ಸ್ವರ ಹೊರಡಿಸಿದಾಗ ಗಾಡಿಯೊಳಗೇ ಮೀಸೆ ತಿರುವಿಕೊಂಡ.

ಆಮೇಲೆ ಯೊರ್ಮ ಮುಖ್ಯ ಪಾಠಕ್ಕೆ ಬಂದ. ಮೌತ್ ಆರ್ಗನ್ನಿನಲ್ಲಿ ಊದಿದರೆ ಒಂದು ಸ್ವರ, ಅದೇ ತೂತಿನಿಂದ ಉಸಿರು ಒಳಗೆಳೆದರೆ ಇನ್ನೊಂದು. ಬ್ಲೂಸ್ ಇರುವುದೆಲ್ಲ ಎಳೆಯುವುದರಲ್ಲಿ. ಎಳೆಯುತ್ತ ನಾಲಿಗೆಯನ್ನು ಹಿಂದಕ್ಕೆ ಜಗ್ಗಿದರೆ ಸ್ವರ ಬಾಗುತ್ತದೆ, ಆ ಬಾಗಿದ ಸ್ವರವೇ ಬ್ಲೂಸಿನ ಅಳು. ಲೂಷಸ್ ಮೌತ್ ಆರ್ಗನ್ನನ್ನು ಬಾಯಿಗಿಟ್ಟು ಜೋರಾಗಿ ಎಳೆದ. ಮೇಲಿನ ಹಲ್ಲುಸೆಟ್ಟು ಅಂಗುಳದಿಂದ ಕಳಚಿ ಬಂದು ತಗಡಿಗೆ ಟಕ್ಕೆಂದು ಹೊಡೆಯಿತು. ಮತ್ತೆ ಎಳೆದ, ಮತ್ತೆ ಟಕ್ಕೆಂದಿತು. ಹಲ್ಲಂಟಿಸುವ ಪೇಸ್ಟು ತಂದು ಬಳಿದುಕೊಂಡ. ಸೆಟ್ಟು ಜೊಲ್ಲು ಊರುವ ತನಕ ನಿಂತು, ಆಮೇಲೆ ಪೇಸ್ಟಿನ ಸಮೇತ ಕೆಳಗಿಳಿಯಿತು.

ಒಡೆದ ತುಟಿ ಕಂಡಾಗಲೇ ಅರ್ನೆಸ್ಟೀನಳಿಗೆ ಗುಟ್ಟು ತಿಳಿದಿತ್ತು. ಒಂದು ದಿನ ಮೆಕ್ಕೆಜೋಳದ ರೊಟ್ಟಿ ಬಡಿಸುತ್ತ, ಹಲ್ಲು ತೆಗೆದಿಟ್ಟು ನುಡಿಸಬಾರದೇ ಎಂದು ಕೇಳಿದಳು.

"ನಿಂಗೇನು ತಲೆ ಕೆಟ್ಟಿದ್ಯಾ? ಹಲ್ಲಿಲ್ದೆ ನುಡ್ಸಕ್ಕಾಗಲ್ಲ ಅಂತ ಊರಿಗೆಲ್ಲ ಹೇಳ್ಕೊಂಡ್ ಬಂದಿದೀನಿ. ಈಗ ಹಲ್ಲು ತೆಗ್ದು ನುಡ್ಸಿದ್ರೆ?"

"ನುಡ್ಸಿದ್ರೆ ನುಡ್ಸಿದ ಹಾಗಾಗತ್ತೆ," ಎಂದಳು ಅವಳು.

ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಒಂದು ಸುಳ್ಳನ್ನು ಕಾಪಾಡಲು ಇನ್ನೊಂದು ಸುಳ್ಳು ಹೇಳಿದ್ದ. ಈಗ ಎರಡನ್ನೂ ಕಾಪಾಡುವ ಭಾರ ಆ ಹಲ್ಲುಸೆಟ್ಟಿನ ಮೇಲೆ ಬಿದ್ದಿತ್ತು. ಕೊನೆಗೆ ಅವನೇ ಒಂದು ತೀರ್ಮಾನಕ್ಕೆ ಬಂದ. ಫಿನ್ಲೆಂಡಿನವನಿಗೆ ಬ್ಲೂಸ್ ಏನು ಗೊತ್ತು? ಎಳೆಯುವುದೇ ಬೇಡ, ಊದಿದರೆ ಸಾಕು. ಊದುವುದು ಲೂಷಸನಿಗೆ ಹೇಗೂ ಹುಟ್ಟುಗುಣ, ಬೆಂಚಿನ ಮೇಲೆ ಅಷ್ಟು ಕಾಲ ಕೂತು ಅವನು ಊದಿದ್ದೂ ತನ್ನ ತುತ್ತೂರಿಯನ್ನೇ.

ಹಬ್ಬದ ದಿನ ಬಂತು. ಗಿರಣಿಯ ಬಯಲಿನಲ್ಲಿ ಮೀನು ಕರಿಯುವ ಹೊಗೆ, ಕೆಂಪು ಶರಬತ್ತಿನ ಕೊಳಗಗಳು, ಚರ್ಚಿನ ಹೆಂಗಸರ ಬೀಸಣಿಗೆಗಳು. ಬ್ಲೂಸನ್ನು ಅದರ ಹುಟ್ಟೂರಿನಲ್ಲೇ ಕೇಳಬೇಕೆಂದು ಎಲ್ಲೆಲ್ಲಿಂದಲೋ ಬಂದ ಬಿಳಿಯ ಪ್ರವಾಸಿಗಳು ಹೊಸ ಹ್ಯಾಟು ಹಾಕಿಕೊಂಡು ಮುಂದಿನ ಸಾಲು ಹಿಡಿದಿದ್ದರು. ಕಲ್ಲಿನ ಪಕ್ಕದ ಶಾಮಿಯಾನದ ಕೆಳಗೆ ಹೋಸಿಯಾನ ಹೆಂಡತಿ, ಊರವರು ಗೌರವದಿಂದ ಮಿಸ್ ವರ್ಡೆಲ್ ಎನ್ನುವ ಮುದುಕಿ, ಬಿಳಿ ಟೋಪಿ ತೊಟ್ಟು, ಮೀನಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಚರ್ಚಿನಿಂದ ಮನೆ, ಮನೆಯಿಂದ ಚರ್ಚು, ಅಷ್ಟು ಬಿಟ್ಟರೆ ಎಲ್ಲಿಗೂ ಬಾರದ ಹೆಂಗಸು. ಅವರನ್ನು ಕಂಡ ಕೂಡಲೇ ಲೂಷಸನ ಬಾಯಿ ಒಣಗಿತು, ಮೇಲಿನ ಸೆಟ್ಟು ಇನ್ನಷ್ಟು ಸಡಿಲವಾಯಿತು.

ಜೊತೆಗೆ ಗಿಟಾರು ನುಡಿಸಲು ಮೆಂಫಿಸಿನಿಂದ ಒಬ್ಬ ಬಂದಿದ್ದ. ಅವನು ಪಾಪ, ಒಳ್ಳೆಯ ಮನಸ್ಸಿನಿಂದ ಒಂದು ನಿಧಾನದ ಬ್ಲೂಸ್ ಎತ್ತಿಕೊಂಡ. ಲೂಷಸ್ ಕಣ್ಣು ಮುಚ್ಚಿ, ಕಾಲು ಕುಟ್ಟಿ, ಭುಜ ಕುಣಿಸಿ ಊದಿದ. ಊದಿದ, ಊದಿದ, ಇನ್ನೂ ಊದಿದ. ಬರೀ ಊದಿದರೆ ಮೌತ್ ಆರ್ಗನ್ನಿನಿಂದ ಬರುವುದು ಸಿಪಾಯಿಗಳನ್ನು ಎಬ್ಬಿಸುವ ಕಹಳೆಯ ಸ್ವರ. ಗಿಟಾರಿನವನು ಎರಡು ಸುತ್ತು ಕಕ್ಕಾಬಿಕ್ಕಿಯಾಗಿ, ಮೂರನೆಯ ಸುತ್ತಿಗೆ ಕರುಣೆಯಿಂದ ತಾನೇ ಶ್ರುತಿ ಬದಲಿಸಿಕೊಂಡು ಲೂಷಸನ ಹಿಂದೆಯೇ ನುಡಿಸುತ್ತ ಹೋದ. ಹೋಸಿಯಾ ಪಿಕೆನ್ಸನ ಕಲ್ಲಿನ ಮುಂದೆ ಭಾನುವಾರದ ಮಕ್ಕಳ ಶಾಲೆಯ ಹಾಡಿನಂಥದ್ದೊಂದು ಹರ್ಷದಿಂದ ಕುಪ್ಪಳಿಸಿತು.

ಹೊಸ ಹ್ಯಾಟಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬಾಕೆ ಕಣ್ಣೊರೆಸಿಕೊಂಡು, ಇದಪ್ಪಾ ಅಸಲಿ ಎಂದಳು. ಕ್ಷೌರದಂಗಡಿಯ ಬಳಗ ಮಾತ್ರ ತಂತಮ್ಮ ಬೂಟುಗಳನ್ನೇ ನೋಡಿಕೊಂಡು ನಿಂತಿತ್ತು. ತಿಂಗಳುಗಟ್ಟಲೆ ಗೇಲಿ ಕೂಡಿಟ್ಟುಕೊಂಡು ಬಂದಿದ್ದ ಕ್ಲಿಯೋಥಾನಿಗೂ ಆ ಹೊತ್ತಿಗೆ ನಗು ಬರಲಿಲ್ಲ.

ಚಪ್ಪಾಳೆಯ ಅಮಲಿನಲ್ಲಿ ಲೂಷಸ್ ಹಲ್ಲು ಕಿರಿಯುತ್ತ ಶಾಮಿಯಾನದ ಹತ್ತಿರ ಹೋಗಿ ಮಿಸ್ ವರ್ಡೆಲ್‌ಗೆ ತಲೆ ಬಾಗಿದ. ಆಕೆ ಮೀನಿನ ಮುಳ್ಳೊಂದನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು.

"ಚೆನ್ನಾಗಿ ಊದ್ದೆ ಕಣಪ್ಪ. ಹೋಸಿಯಾ ಊದ್ತಿರ್ಲಿಲ್ಲ, ಎಳ್ಕೋತಿದ್ದ."

ಶಿಕಾಗೊದಲ್ಲಿ ನಾವು ಬೇರೆ ಬಗೆಯಲ್ಲಿ ನುಡಿಸುತ್ತಿದ್ದೆವು ಎಂದು ಅವನು ತೊದಲಿದ.

"ನನ್ ಗಂಡ ಮೆಂಫಿಸ್ ದಾಟಿ ಹೋದೋನೇ ಅಲ್ಲ, ಲೂಷಸ್. ರೈಲು ಅಂದ್ರೆ ಭಯ ಅವನಿಗೆ."

ಸುತ್ತಲಿದ್ದವರ ಬೀಸಣಿಗೆಗಳು ನಿಂತವು. ಲೂಷಸನ ಮುಖ ಇಳಿದುಹೋಯಿತು. ಇಷ್ಟು ವರ್ಷ ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ ಎಂದು ಅವನು ಕೇಳಲಿಲ್ಲ. ಕೇಳದಿದ್ದರೂ ಆಕೆ ಹೇಳಿದರು.

"ಇಷ್ಟ್ ವರ್ಷ ಊರಲ್ಲಿ ಎಲ್ರೂ ಅವನನ್ನ ಮರ್ತ್ಬಿಟ್ಟಿದ್ರು. ನಿನ್ನ ಸುಳ್ಳಲ್ಲಾದ್ರೂ ಅವನ ಹೆಸರಿತ್ತಲ್ಲ, ಅದಕ್ಕೆ ಸುಮ್ನಿದ್ದೆ. ಬಾಯಲ್ಲಿ ಸುಳ್ಳು ಹೇಳ್ಕೋ, ನಂಗೇನು. ಹಾರ್ಪಲ್ಲಿ ಹೇಳ್ಬೇಡ."

ಆ ಮಾತು ಲೂಷಸನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಹೊರಟು ಹೋಗಬಹುದಿತ್ತು. ಹೊಸ ಹ್ಯಾಟಿನವರು ಫೋಟೋ ತೆಗೆಸಿಕೊಳ್ಳಲು ಕಾದೇ ಇದ್ದರು, ಆ ಕಡೆ ತಿರುಗಿದರೆ ಇನ್ನೊಂದು ಇಪ್ಪತ್ತು ವರ್ಷದ ಬಡಾಯಿಗೆ ಸಾಕಾಗುವಷ್ಟು ಸರಕಿತ್ತು. ಅವನು ತಿರುಗಲಿಲ್ಲ. ಬಾಯಿಗೆ ಕೈ ಹಾಕಿ ಮೇಲಿನ ಸೆಟ್ಟನ್ನು ಕಿತ್ತು ಅಂಗಿಯ ಜೇಬಿಗೆ ಇಳಿಬಿಟ್ಟ. ಕೆನ್ನೆಗಳು ಕುಸಿದವು. ಒಂದು ಗಳಿಗೆಯಲ್ಲಿ ಹತ್ತು ವರ್ಷ ಮುದುಕನಾದವನನ್ನು ಕಂಡು, ಫೋಟೋಗೆ ಅಣಿಯಾಗಿದ್ದವರು ಫೋನು ಕೆಳಗಿಳಿಸಿದರು.

ಮೌತ್ ಆರ್ಗನ್ನನ್ನು ಒಸಡಿಗೆ ಒತ್ತಿ ಹಿಡಿದು ಎಳೆದ. ಮೊದಲು ಬರೀ ಗಾಳಿ ಬಂತು. ಮತ್ತೆ ಎಳೆದ. ಒಂದು ಸ್ವರ ನೆಟ್ಟಗೆ ಎದ್ದು, ನಡುವಿನಲ್ಲಿ ಬಾಗಿ, ದಣಿದವರು ಜಗಲಿಯ ಮೇಲೆ ಕುಸಿದು ಕೂರುವಂತೆ ಕೆಳಗಿಳಿದು, ಬಹಳ ಹೊತ್ತು ಅಲ್ಲೇ ಇತ್ತು. ಒರಟಾಗಿತ್ತು, ಸಣ್ಣಗೆ ನಡುಗುತ್ತಿತ್ತು, ಪೂರ್ತಿ ಶ್ರುತಿಯಲ್ಲೂ ಇರಲಿಲ್ಲ. ಹೊಸ ಹ್ಯಾಟಿನವರಿಗೆ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಮಿಸ್ ವರ್ಡೆಲ್ ತಟ್ಟೆಯನ್ನು ಪಕ್ಕಕ್ಕಿಟ್ಟರು.

"ಇನ್ನೊಂದ್ಸಲ," ಎಂದರು.

ಅಷ್ಟರಲ್ಲಿ ಕ್ಲಿಯೋಥಾನ ನಾಲಿಗೆಗೆ ಜೀವ ಬಂದಿತ್ತು. "ಹಲ್ಲಿಲ್ದೆ ನುಡ್ಸಕ್ಕಾಗಲ್ಲ ಅಂತಿದ್ಯಲ್ಲೋ ಲೂಶ್. ಏನಾಯ್ತು ನಿನ್ ಶಿಕಾಗೋ?"

ಬಯಲಿಗೆ ಬಯಲೇ ನಕ್ಕಿತು. ಅರ್ನೆಸ್ಟೀನಳೂ ನಕ್ಕಳು. ಲೂಷಸನ ಹತ್ತಿರ ಸೊಗಸಾದ ಉತ್ತರವೊಂದು ತಯಾರಾಗಿಯೇ ಇತ್ತು, ಕೇಳಿದವರು ತಿಂಗಳುಗಟ್ಟಲೆ ನೆನೆಸಿಕೊಳ್ಳುವಂಥದ್ದು. ಬಾಯಿ ತೆರೆದ. "ಹಿಕಾಗೋ" ಎಂಬ ಗಾಳಿ ಮಾತ್ರ ಹೊರಟಿತು. ಕೈ ತಾನಾಗಿ ಜೇಬಿನೊಳಗಿನ ಹಲ್ಲಿಗೆ ಹೋಯಿತು. ಮಿಸ್ ವರ್ಡೆಲ್ ಆ ಕೈಯನ್ನೇ ನೋಡುತ್ತಿದ್ದರು.

ಅವನು ಬರಿಗೈಯನ್ನು ಜೇಬಿನಿಂದ ತೆಗೆದು, ಮೌತ್ ಆರ್ಗನ್ನನ್ನು ಮತ್ತೆ ತುಟಿಗಿಟ್ಟು, ಉಸಿರನ್ನು ಒಳಕ್ಕೆ ಎಳೆದುಕೊಂಡ.