ವಿದೊಸಾವಾ ಅತ್ತೆ ಮತ್ತು ಹತ್ತೊಂಬತ್ತು ಜೂನ್‌ಗಳು

"ಆ ಚಂದದ ಪ್ರೋಗ್ರಾಂ ಬೇಡ ಕಣೇ ನೇದಾ, ಅದು ಎಡವಿದ್ರೂ ಬಾಯಿ ಬಿಡಲ್ಲ," ಅಂದ್ರು ವಿದೊಸಾವಾ ಅತ್ತೆ, ಹಳೇ ಹಾರ್ಡ್ ಡಿಸ್ಕಿಗೆ ಕಿವಿ ಇಟ್ಕೊಂಡೇ.

ಡಿಸ್ಕು ಒಳಗೊಳಗೇ ಟಿಕ್ ಟಿಕ್ ಅಂತಿತ್ತು. ಅದರ ಯಜಮಾನ್ರು ಸ್ರೆದೊಯೆ ಮಾಮ ಟೋಪಿ ತೊಡೆ ಮೇಲಿಟ್ಕೊಂಡು ಕೂತಿದ್ರು. ನಮ್ಮ ಬೆಚೆಯ್ ಊರಲ್ಲಿ ಮೂವತ್ತು ವರ್ಷ ತೀಸಾ ನದಿ ದಾಟಿಸಿದ ದೋಣಿಯವ್ರು. ಜೂನ್‌ನಲ್ಲಿ ತೀಸಾ ಹೂ ಬಿಡುತ್ತಲ್ಲ, ನೀರಿಂದ ಲಕ್ಷಗಟ್ಟಲೆ ರೆಕ್ಕೆಹುಳ ಎದ್ದು ಒಂದೇ ಸಂಜೆ ಹಾರಾಡಿ ಮುಗಿದೋಗ್ತಾವಲ್ಲ, ಆ ರೆಕ್ಕೆಗಳ ಸದ್ದನ್ನ ಹತ್ತೊಂಬತ್ತು ಜೂನ್ ರೆಕಾರ್ಡ್ ಮಾಡಿದ್ದಾರೆ. ಅಷ್ಟೂ ಇದೊಂದೇ ಡಿಸ್ಕಲ್ಲಿ. ಕಾಪಿ ಯಾಕಿಲ್ಲ ಅಂದ್ರೆ, ಒಂದಿದೆಯಲ್ಲ ಅಂತಾರೆ.

ಅತ್ತೆ ಮೊದ್ಲು ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ರು, ಯಾರ ದನಿನ ಯಾರ ಕಿವಿಗೆ ಜೋಡಿಸ್ಬೇಕು ಅನ್ನೋದೇ ಕೆಲಸ. ಈಗ ರಿಪೇರಿ ಅಂಗಡಿ. ಅವ್ರ ಡ್ರಾಯರಲ್ಲಿ ಕುಂಟ ಅಂತ ಒಂದು ಕೆಟ್ಟ ಡಿಸ್ಕಿದೆ, ಕಾಪಿ ಮಾಡೋ ಹೊಸ ಪ್ರೋಗ್ರಾಂ ಬಂದ್ರೆ ಮೊದ್ಲು ಅದರ ಮೇಲೆ ಓಡಿಸಿ ನೋಡ್ತಾರೆ, ನಂಗದು ಎಷ್ಟು ಇಷ್ಟ ಅಂದ್ರೆ! ಚಂದದ್ದು ಕೆಟ್ಟ ಜಾಗ ಮುಚ್ಚಿಟ್ಟು ಎಲ್ಲ ಸರಿ ಅಂದ್ಬಿಡ್ತು. ಇನ್ನೊಂದು ಮೊದಲ ಕೆಟ್ಟ ಜಾಗಕ್ಕೇ ನಿಂತ್ಬಿಡ್ತು. ಮೂರನೇದು ಬರೀ ಕಪ್ಪು ಪರದೆ, ಬಿಳಿ ಅಕ್ಷರ. ಆದ್ರೆ ಕೆಟ್ಟ ಜಾಗ ಬಂದ್ರೆ ಬರೆದಿಟ್ಕೊಂಡು ಸುತ್ತಿ ಹೋಗುತ್ತೆ, ಒಳ್ಳೇದೆಲ್ಲ ತಗೊಂಡ್ಮೇಲೆ ವಾಪಸ್ ಬಂದು ಮೆಲ್ಲಗೆ ಮತ್ತೆ ಕೇಳುತ್ತೆ. ಅತ್ತೆ ಅದನ್ನೇ ಆರಿಸಿದ್ರು, ನಡೆಸೋಕೆ ನಂಗೇ ಬಿಟ್ರು.

ಅದು ಎರಡೇ ಪ್ರಶ್ನೆ ಕೇಳೋದು. ಇಜ್ವೋರ್ ಯಾವ್ದು, ಸಿಲ್ಯ್ ಯಾವ್ದು. ಸಿಲ್ಯ್ ಅಂದ್ರೆ ಕಾಪಿ ಹೋಗಿ ಸೇರೋ ಜಾಗ. ಇಜ್ವೋರ್ ಅಂದ್ರೆ ಮೂಲ, ನಮ್ಮಲ್ಲಿ ನೀರಿನ ಸೆಲೆಗೂ ಅದೇ ಮಾತು. ಅದನ್ನ ಓದ್ತಿದ್ದ ಹಾಗೇ ನಂಗೆ ಎಲ್ಲೋ ಕಲ್ಲಿನ ಸಂದಿಯಿಂದ ನೀರು ಜಿನುಗಿದ ಹಾಗಾಯ್ತು. ಮಾಮನ ಡಿಸ್ಕು, ಕಾಪಿಗಿಟ್ಟ ಖಾಲಿ ಡಿಸ್ಕು ಎರಡೂ ಒಂದೇ ಸೈಜು, ಒಂದೇ ಬಣ್ಣ. ಒಂದರ ಸ್ಟಿಕ್ಕರ್ ಮೇಲೆ ಅರ್ಧಚಂದ್ರನ ಥರ C. ಸಿಲ್ಯ್ ಬರೆಯೋದು C ಇಂದಲೇ ಅಲ್ವಾ ಅಂತ ಅದನ್ನೇ ಸೇರೋ ಜಾಗ ಮಾಡ್ದೆ.

ಎಂಟರ್ ಒತ್ತೋ ಮುಂಚೆ ಅತ್ತೆದೊಂದು ಪದ್ಧತಿ, ಯಜಮಾನ್ರು ತಮ್ಮ ಡಿಸ್ಕಿನ ಮೇಲೆ ಕೈಯಿಟ್ಟು ಹೇಳ್ಬೇಕು. ಮಾಮ ಮೆಲ್ಲಗೆ C ಮೇಲೆ ಕೈಯಿಟ್ರು.

"ಸೆಲೆ ಇದು," ಅಂದ್ರು.

ಅತ್ತೆ ಪರದೆ ನೋಡಿದ್ರು. "ನೇದಾ, ಕೈ ತೆಗಿ."

ನಮ್ಮ ಭಾಷೆಗೆ ಎರಡು ಲಿಪಿ, ಸ್ಟಿಕ್ಕರ್ ಬರೆದ ಅತ್ತೆದು ಸಿರಿಲಿಕ್. ಅದರಲ್ಲಿ ಆ ಅರ್ಧಚಂದ್ರ ಲ್ಯಾಟಿನ್ನಿನ C ಅಲ್ಲ, S. ಸ್ತಾರಿ ಅನ್ನೋದ್ರ ಮೊದಲಕ್ಷರ, ಸ್ತಾರಿ ಅಂದ್ರೆ ಹಳೇದು. ನಾನು ಮೆಸೇಜಿಂದ ಪರೀಕ್ಷೆವರೆಗೂ ಬರೆಯೋದು ಲ್ಯಾಟಿನ್ ಲಿಪಿ. ಎಂಟರ್ ಒತ್ತಿದ್ರೆ ಖಾಲಿ ಡಿಸ್ಕೇ ಹಳೇದರ ಮೇಲೆ ಕಾಪಿಯಾಗಿ ಹತ್ತೊಂಬತ್ತು ಜೂನ್‌ನೂ ಅಳಿಸ್ತಿತ್ತು.

"ಅಜ್ಜಿ ಕಲಿಸಿದ ಅಕ್ಷರ ಮರೆತು ನದಿನೇ ಒಣಗಿಸೋಕೆ ಹೊರಟಿದ್ಯಲ್ಲೇ," ಅಂದ್ರು ಅತ್ತೆ. ಮಾಮ ಮಾತ್ರ ನಂಗೆ ಬೈಲಿಲ್ಲ, ಮಂಜಲ್ಲಿ ತಾನೂ ಎಷ್ಟೋ ಸಲ ದಡ ತಪ್ಪಿದೀನಿ ಅಂದ್ರು.

ಎರಡೂ ಉತ್ತರ ತಿರುಗಿಸಿ ಹಾಕಿದ್ವಿ. ಕಾಫಿ, ಸ್ಲಾತ್ಕೊ ಅನ್ನೋ ಚೆರ್ರಿ ಮುರಬ್ಬ ಮುಗಿಯಿತು, ಬಿಸಿಲು ಗೋಡೆಯಿಂದ ನೆಲಕ್ಕಿಳೀತು, ಬಿಳಿ ಅಕ್ಷರ ಹರೀತಾನೇ ಇತ್ತು. ಕಾಪಿಯಿಂದ ಒಂದು ಫೈಲಾದ್ರೂ ತೆರೆದು ನೋಡೋವರೆಗೂ ಅತ್ತೆ ಅದನ್ನ ಬ್ಯಾಕಪ್ ಅನ್ನಲ್ಲ. ಸಂಜೆ ಒಂದು ತೆರೆದ್ರು. ಅಂಗಡಿ ತುಂಬಾ ರೇಷ್ಮೆ ಉಜ್ಜಿದ ಥರ ಸದ್ದು, ನಡುವೆ ದೋಣಿಯ ಹುಟ್ಟಿನಿಂದ ತೊಟ್ಟಿಕ್ಕೋ ನೀರು. ಮಾಮ ಕಣ್ಮುಚ್ಚಿದ್ರು. ನಾವ್ಮೂರೂ ತೇಲ್ತಿದ್ವಿ ಅನ್ಸ್ತು.

ಹದಿನಾರು ಜೂನ್ ಪೂರ್ತಿ ಬಂದಿವೆ. ಉಳಿದ ಮೂರರ ಸುತ್ತ ಪ್ರೋಗ್ರಾಂ ವಾರವಿಡೀ ಮೆಲ್ಲಗೆ ಸುತ್ತುತ್ತೆ, ಬಂದ್ರೆ ಬಂತು. ಬರೋ ಗುರುವಾರ ಮಾಮ ಮನೇಲಿಡೋ ಇನ್ನೊಂದು ಕಾಪಿಗೆ ಖಾಲಿ ಡಿಸ್ಕು ತರ್ತಾರೆ, ನಾನು ಮಾರ್ಕರ್ ತಗೊಂಡು ಹೋಗ್ತೀನಿ. ಸ್ಟಿಕ್ಕರ್ ಮೇಲೆ ಪೂರ್ತಿ ಪದ, ಎರಡೂ ಲಿಪೀಲಿ.